ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಅಮೆರಿಕನ್ ರಾಕ್ ಸಂಗೀತದ ಮಾತು ಬಂದಾಗಲೆಲ್ಲ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ (ಸಿಸಿಆರ್) ತಂಡದ ಬಗ್ಗೆ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಏಳುತ್ತವೆ. ಮಾತುಕತೆಗಳಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಬಂದವುಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡು, ಸುಲಭವಾದವನ್ನು ಮೊದಲಿಗೂ ಬಿಡಿಸಿ ಹೇಳಬೇಕಾದವನ್ನು ಕೊನೆಗೂ ಇಡಲಾಗಿದೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಶುರುಮಾಡಬಹುದು.

## ಮೊದಲ ಪರಿಚಯ

ಈ ಸಿಸಿಆರ್ ಅಂದರೆ ಯಾರು? ಚುಟುಕಾಗಿ ಹೇಳಿ.

ಕ್ಯಾಲಿಫೋರ್ನಿಯಾದ ಎಲ್ ಸೆರಿಟೊ ಎಂಬ ಸಣ್ಣ ಊರಿನ ನಾಲ್ವರ ರೂಟ್ಸ್ ರಾಕ್ ತಂಡ. ಹಾಡು ಬರೆದು, ಹಾಡಿ, ಮುಖ್ಯ ಗಿಟಾರ್ ನುಡಿಸಿದವರು ಜಾನ್ ಫಾಗರ್ಟಿ. ರಿದಂ ಗಿಟಾರ್ ಅವರ ಅಣ್ಣ ಟಾಮ್ ಫಾಗರ್ಟಿಯದು. ಬೇಸ್ ಸ್ಟೂ ಕುಕ್. ಡ್ರಮ್ಸ್ ಡಗ್ ಕ್ಲಿಫರ್ಡ್. ಕ್ರೀಡೆನ್ಸ್ ಎಂಬ ಹೆಸರಿನಲ್ಲಿ ಅವರು ಇದ್ದದ್ದು 1968ರಿಂದ 1972ರವರೆಗೆ ಮಾತ್ರ. ಅಷ್ಟರಲ್ಲಿ ಏಳು ಸ್ಟುಡಿಯೋ ಆಲ್ಬಂಗಳನ್ನು ಹೊರತಂದರು. ಅವುಗಳ ಹಾಡುಗಳ ಒಡೆತನದ ಜಗಳ ಮಾತ್ರ ತಂಡದ ಆಯುಷ್ಯದ ಹತ್ತು ಪಟ್ಟು ಕಾಲ ನಡೆಯಿತು.

ರೂಟ್ಸ್ ರಾಕ್ ಅಂತೀರಲ್ಲ, ಬೇರೆ ರಾಕ್‌ಗಿಂತ ಅದು ಹೇಗೆ ಬೇರೆ?

ಬ್ಲೂಸ್, ಕಂಟ್ರಿ, ಗಾಸ್ಪೆಲ್, ಜನಪದ ಹಾಡು, 1950ರ ದಶಕದ ರಾಕ್ ಅಂಡ್ ರೋಲ್ ಇವೆಲ್ಲ ಅಮೆರಿಕದ ಜನಸಂಗೀತದ ಹಳೆಯ ಕವಲುಗಳು. ಅವುಗಳಿಗೆ ಹತ್ತಿರವಾಗಿಯೇ ಉಳಿದು, ಸಣ್ಣ ಹಾಡು, ಸರಳ ಸ್ವರಮೇಳ, ಗಟ್ಟಿ ಲಯದಲ್ಲಿ ಕಟ್ಟುವ ರಾಕ್ ಸಂಗೀತಕ್ಕೆ ಈ ಹೆಸರು. ಹೆಸರು ಚಾಲ್ತಿಗೆ ಬಂದದ್ದು ನಂತರದ ಕಾಲದಲ್ಲಿ. 1968ರ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗ್ರೇಟ್‌ಫುಲ್ ಡೆಡ್, ಜೆಫರ್ಸನ್ ಏರ್‌ಪ್ಲೇನ್ ಮುಂತಾದ ತಂಡಗಳು ಅಮಲಿನ ಅನುಭವವನ್ನು ಉದ್ದುದ್ದ ಆಲಾಪದಂತೆ ನುಡಿಸುತ್ತಿದ್ದಾಗ, ಅದೇ ಕೊಲ್ಲಿಯ ಆಚೆ ದಡದ ಈ ನಾಲ್ವರು ಚೌಕಳಿ ಅಂಗಿ ತೊಟ್ಟು ಎರಡೂವರೆ ನಿಮಿಷದ ಹಾಡುಗಳನ್ನು ಕಟ್ಟುತ್ತಿದ್ದರು. ಬ್ಲೂಸ್ ಗಾಯಕ ಲೆಡ್ ಬೆಲ್ಲಿಯ ಕಾಟನ್ ಫೀಲ್ಡ್ಸ್‌ನಂತಹ ಹಳೆಯ ಹಾಡು ಅವರ ಆಲ್ಬಂನಲ್ಲಿ ಅವರದೇ ರಚನೆಯ ಪಕ್ಕದಲ್ಲಿ ಹೊಂದಿಕೊಂಡು ಕೂರುತ್ತದೆ. ಎರಡರ ನಡುವೆ ಹೊಲಿಗೆ ಕಾಣುವುದಿಲ್ಲ.

ಇಷ್ಟುದ್ದದ ಹೆಸರು ಯಾಕೆ? ಕ್ಲಿಯರ್‌ವಾಟರ್ ಅನ್ನೋದು ಊರಾ?

ಊರಲ್ಲ. ಟಾಮ್‌ಗೆ ಪರಿಚಯದವರೊಬ್ಬರ ಹೆಸರು ಕ್ರೀಡೆನ್ಸ್. ತಿಳಿನೀರಿನ ಗುಣಗಾನ ಮಾಡುತ್ತಿದ್ದ ಒಂದು ಬಿಯರ್ ಜಾಹೀರಾತಿನಿಂದ ಕ್ಲಿಯರ್‌ವಾಟರ್ ಬಂತು. ಹತ್ತು ವರ್ಷ ಏಳದ ತಂಡ ಇನ್ನಾದರೂ ಏಳಬೇಕೆಂಬ ಹಟದಿಂದ ರಿವೈವಲ್ ಸೇರಿತು.

ಇವರು ಲೂಸಿಯಾನದವರು ತಾನೇ? ಹಾಡೆಲ್ಲ ಅಲ್ಲಿಯದೇ ಅನ್ನಿಸುತ್ತೆ.

ಈ ಭ್ರಮೆ ಹುಟ್ಟಿಸಿದ್ದೇ ಜಾನ್ ಫಾಗರ್ಟಿಯವರ ದೊಡ್ಡ ಸಾಧನೆ. ಬಾರ್ನ್ ಆನ್ ದ ಬಾಯೂ ಬರೆದಾಗ ಅವರು ಲೂಸಿಯಾನದ ಜೌಗು ನೆಲವನ್ನು ಕಂಡವರೇ ಅಲ್ಲ. ಮಿಸಿಸಿಪ್ಪಿ ನದಿಯ ದೋಣಿಯನ್ನು ಹಾಡಿಗೆ ತಂದಾಗಲೂ ಹಾಗೆಯೇ. ದಕ್ಷಿಣದ ಬ್ಲೂಸ್ ಮತ್ತು ಕಂಟ್ರಿ ರೆಕಾರ್ಡುಗಳನ್ನು ಹುಡುಗತನದಿಂದ ಕೇಳಿ ಕೇಳಿ ಅವರು ಮನಸ್ಸಿನೊಳಗೆ ಒಂದು ದಕ್ಷಿಣವನ್ನು ಕಟ್ಟಿಕೊಂಡಿದ್ದರು, ಉಚ್ಚಾರವನ್ನೂ ಅದಕ್ಕೆ ತಕ್ಕಂತೆ ಬಗ್ಗಿಸಿಕೊಂಡಿದ್ದರು. ಗ್ರೀನ್ ರಿವರ್ ಹಾಡಿನ ನದಿ ಕ್ಯಾಲಿಫೋರ್ನಿಯಾದ ವಿಂಟರ್ಸ್ ಪಟ್ಟಣದ ಹತ್ತಿರದ ಪ್ಯೂಟಾ ಹಳ್ಳ. ಬಾಲ್ಯದಲ್ಲಿ ಕುಟುಂಬ ರಜೆ ಕಳೆಯಲು ಅಲ್ಲಿಗೆ ಹೋಗುತ್ತಿತ್ತು. ಹೆಸರು ಬಂದದ್ದು ಸೋಡಾ ಅಂಗಡಿಯ ಹಸಿರು ಬಣ್ಣದ ನಿಂಬೆ ಶರಬತ್ತಿನ ಶೀಷೆಯಿಂದ. ಸೋತ ಗಾಯಕನೊಬ್ಬ ಸಿಕ್ಕಿಹಾಕಿಕೊಳ್ಳುವ ಲೋಡೈ ಕೂಡ ಕ್ಯಾಲಿಫೋರ್ನಿಯಾದ ಊರೇ.

ಇದನ್ನು ಮೋಸ ಎನ್ನುವವರಿದ್ದಾರೆ. ಕಂಡ ಊರನ್ನು ಮಾತ್ರ ಹಾಡಬೇಕೆಂಬ ನಿಯಮವನ್ನು ಸಂಗೀತದ ಮೇಲೆ ಯಾರೂ ಹೇರಿಲ್ಲ ಎಂಬುದು ನನ್ನ ಉತ್ತರ.

ಮೊದಲು ಯಾವುದನ್ನು ಕೇಳಬೇಕು?

ಹೆಚ್ಚಿನವರು 1976ರ ಕ್ರಾನಿಕಲ್ ಎಂಬ ಇಪ್ಪತ್ತು ಹಾಡುಗಳ ಸಂಗ್ರಹದಿಂದ ಶುರುಮಾಡುತ್ತಾರೆ, ಅದು ತಪ್ಪೇನಲ್ಲ. ಆದರೆ ತಂಡದ ಸ್ವಭಾವ ತಿಳಿಯಬೇಕಾದರೆ 1969ರ ಕೊನೆಯಲ್ಲಿ ಬಂದ ವಿಲ್ಲಿ ಅಂಡ್ ದ ಪೂರ್ ಬಾಯ್ಸ್ ಆಲ್ಬಂ ಇಡಿಯಾಗಿ ಕೇಳಿ. ಹೊದಿಕೆಯ ಚಿತ್ರವನ್ನೇ ನೋಡಿ: ಓಕ್ಲೆಂಡ್‌ನ ಒಂದು ದಿನಸಿ ಅಂಗಡಿಯ ಮುಂದಿನ ಕಾಲುದಾರಿ, ನುಡಿಸಲು ಬಟ್ಟೆ ಉಜ್ಜುವ ಹಲಗೆ, ಕೋಲಿಗೆ ತಂತಿ ಬಿಗಿದು ಬೋರಲು ಹಾಕಿದ ಬಾನಿ, ಎದುರಿಗೆ ನಿಂತು ನೋಡುತ್ತಿರುವ ಕೇರಿಯ ಮಕ್ಕಳು. ಅಮೆರಿಕದ ಅತಿ ಜನಪ್ರಿಯ ತಂಡ ಆ ವರ್ಷ ತನ್ನನ್ನು ಬೀದಿ ಹಾಡುಗಾರರಂತೆ ತೋರಿಸಿಕೊಂಡಿತು. ಡೌನ್ ಆನ್ ದ ಕಾರ್ನರ್ ಹಾಡು ಈ ಚಿತ್ರವನ್ನೇ ಹಾಡುತ್ತದೆ. ಅದೇ ಆಲ್ಬಂನಲ್ಲಿರುವ ಫಾರ್ಚುನೇಟ್ ಸನ್ ಸಿಟ್ಟಿನ ಹಾಡು. ಎರಡೂ ಒಂದೇ ಸಿಂಗಲ್ ರೆಕಾರ್ಡಿನ ಎರಡು ಮಗ್ಗುಲಾಗಿ ಬಂದವು.

## ಬೆಳೆದ ದಾರಿ

ಹತ್ತು ವರ್ಷ ಯಾರಿಗೂ ಗೊತ್ತಿಲ್ಲದೆ ಇದ್ದವರು ಒಂದೇ ಸಲ ಹೇಗೆ ಮೇಲೆ ಬಂದರು?

ಜಾನ್, ಸ್ಟೂ, ಡಗ್ ಮೂವರೂ 1945ರಲ್ಲಿ ಹುಟ್ಟಿದ ಸಹಪಾಠಿಗಳು. ಶಾಲೆಯಲ್ಲಿದ್ದಾಗಲೇ, 1959ರಲ್ಲಿ, ಬ್ಲೂ ವೆಲ್ವೆಟ್ಸ್ ಎಂಬ ಹೆಸರಿನಲ್ಲಿ ನುಡಿಸತೊಡಗಿದರು. ಆಗಲೇ ಹಾಡುಗಾರನಾಗಿ ಹೆಸರು ಮಾಡುತ್ತಿದ್ದ ಟಾಮ್ ಆಮೇಲೆ ಜೊತೆಗೂಡಿದರು. 1964ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫ್ಯಾಂಟಸಿ ಎಂಬ ಸಣ್ಣ ಜಾಝ್ ರೆಕಾರ್ಡ್ ಕಂಪನಿಯೊಡನೆ ಒಪ್ಪಂದವಾಯಿತು. ಕಂಪನಿ ಅವರ ಮಾತನ್ನು ಕೇಳದೆ ಗಾಲಿವಾಗ್ಸ್ ಎಂಬ ಹೆಸರಿಟ್ಟಿತು. ಕರಿಯರನ್ನು ಹೀಯಾಳಿಸುವ ಒಂದು ಹಳೆಯ ಗೊಂಬೆಯ ಹೆಸರದು, ತಂಡದವರಿಗೆ ಅದರ ಮೇಲೆ ಕೊನೆಯವರೆಗೂ ಅಸಹ್ಯವಿತ್ತು. ನಡುವೆ ಜಾನ್ ಭೂಸೇನೆಯ ಮೀಸಲು ಪಡೆಗೂ ಡಗ್ ಕರಾವಳಿ ಕಾವಲು ಪಡೆಯ ಮೀಸಲಿಗೂ ಸೇರಬೇಕಾಯಿತು.

ಎರಡು ಸಂಗತಿಗಳು ದಿಕ್ಕು ಬದಲಿಸಿದವು. ಒಂದು, ಹಾಡುವ ಹೊಣೆ ಪೂರ್ತಿಯಾಗಿ ಅಣ್ಣನಿಂದ ತಮ್ಮನಿಗೆ ಬಂತು. ಇನ್ನೊಂದು, ಫ್ಯಾಂಟಸಿಯಲ್ಲೇ ಮಾರಾಟದ ಕೆಲಸದಲ್ಲಿದ್ದ ಸಾಲ್ ಝೇಂಟ್ಸ್ 1967ರಲ್ಲಿ ಪಾಲುದಾರರೊಡನೆ ಕಂಪನಿಯನ್ನೇ ಕೊಂಡು, ತಂಡಕ್ಕೆ ಹೆಸರು ಬದಲಿಸಿಕೊಂಡು ಇಡೀ ಆಲ್ಬಂ ಮಾಡುವ ಅವಕಾಶ ಕೊಟ್ಟರು. 1968ರ ಆ ಮೊದಲ ಆಲ್ಬಂನಲ್ಲಿದ್ದ ಸೂಝಿ ಕ್ಯೂ ಡೇಲ್ ಹಾಕಿನ್ಸ್‌ರ ಹಳೆಯ ಹಾಡು. ಎಂಟು ನಿಮಿಷಕ್ಕೂ ಮಿಕ್ಕಿ ಬೆಳೆಸಿದ ಅದನ್ನು ಸ್ಥಳೀಯ ಎಫ್‌ಎಂ ಕೇಂದ್ರ ಪದೇ ಪದೇ ಬಿತ್ತರಿಸಿತು. ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 11ನೇ ಸ್ಥಾನಕ್ಕೆ ಏರಿತು.

ಒಂದೇ ವರ್ಷಕ್ಕೆ ಮೂರು ಆಲ್ಬಂ ಮಾಡಿದ್ದು ನಿಜವಾ? ಹೇಗೆ ಸಾಧ್ಯ?

ನಿಜ. 1969ರಲ್ಲಿ ಬಾಯೂ ಕಂಟ್ರಿ, ಗ್ರೀನ್ ರಿವರ್, ವಿಲ್ಲಿ ಅಂಡ್ ದ ಪೂರ್ ಬಾಯ್ಸ್. 1970ರಲ್ಲಿ ಕಾಸ್ಮೋಸ್ ಫ್ಯಾಕ್ಟರಿ, ಪೆಂಡುಲಂ. ಅಭ್ಯಾಸವೆಲ್ಲ ಮೊದಲೇ ಮುಗಿದಿರುತ್ತಿತ್ತು. ನಾಲ್ವರೂ ಕಾರ್ಖಾನೆಗೆ ಹೋಗುವವರಂತೆ ದಿನಾ ಒಂದೆಡೆ ಸೇರಿ ಗಂಟೆಗಟ್ಟಲೆ ನುಡಿಸುತ್ತಿದ್ದರು; ಬೇಸತ್ತ ಡಗ್ ಆ ಜಾಗಕ್ಕೆ ಫ್ಯಾಕ್ಟರಿ ಎಂದೇ ಹೆಸರಿಟ್ಟರು, ಅವರ ಅಡ್ಡಹೆಸರು ಕಾಸ್ಮೋ ಆಗಿದ್ದರಿಂದ ಆಲ್ಬಂಗೂ ಅದೇ ಹೆಸರಾಯಿತು. ಸ್ಟುಡಿಯೋ ಬಾಡಿಗೆಯ ಗಡಿಯಾರ ಓಡತೊಡಗುವ ಹೊತ್ತಿಗೆ ಹಾಡು ಕೈಗೆ ಹತ್ತಿರುತ್ತಿದ್ದ ಕಾರಣ, ನಾಲ್ವರೂ ಒಟ್ಟಿಗೆ ನುಡಿಸಿ ಕೆಲವೇ ಯತ್ನಗಳಲ್ಲಿ ಮುಗಿಸುತ್ತಿದ್ದರು. ಅದರ ಮೇಲೆ ಜಾನ್ ಒಬ್ಬರೇ ಕೂತು ದನಿಗಳನ್ನೂ ಉಳಿದ ಗಿಟಾರನ್ನೂ ತುಂಬುತ್ತಿದ್ದರು. ಕೆಲಸದ ಹೊತ್ತಿನಲ್ಲಿ ಕುಡಿತ, ಮಾದಕವಸ್ತು ನಿಷಿದ್ಧ; ಆ ಕಾಲದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದು ಅಪರೂಪದ ಶಿಸ್ತು.

ಅವಸರಕ್ಕೆ ಕಾರಣ ಜಾನ್‌ರ ಭಯ. ರೇಡಿಯೋದಿಂದ ಒಮ್ಮೆ ಮರೆಯಾದರೆ ಜನ ಮರೆತೇಬಿಡುತ್ತಾರೆ ಎಂದು ಅವರು ನಂಬಿದ್ದರು. ಅವರಿಗೆ ದೊಡ್ಡ ಕಂಪನಿಯ ಬೆನ್ನಾಸರೆ ಇರಲಿಲ್ಲ, ಪಳಗಿದ ಮ್ಯಾನೇಜರೂ ಇರಲಿಲ್ಲ. ಆ ಕೆಲಸವನ್ನೂ ಜಾನ್ ತಮ್ಮ ಮೇಲೆ ಹಾಕಿಕೊಂಡರು. ಹಾಡು, ಧ್ವನಿಮುದ್ರಣ, ವ್ಯವಹಾರ ಎಲ್ಲವೂ ಒಬ್ಬರ ಕೈಯಲ್ಲಿದ್ದದ್ದರಿಂದಲೇ ಇಷ್ಟು ಬೇಗ ಇಷ್ಟು ಕೆಲಸವಾಯಿತು.

ಒಂದು ಹಾಡೂ ನಂಬರ್ ಒನ್ ಆಗಲಿಲ್ಲವಂತೆ, ಹೌದಾ?

ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಆಗಲಿಲ್ಲ. ಪ್ರೌಡ್ ಮೇರಿ, ಬ್ಯಾಡ್ ಮೂನ್ ರೈಸಿಂಗ್, ಗ್ರೀನ್ ರಿವರ್, ಟ್ರಾವೆಲಿನ್ ಬ್ಯಾಂಡ್, ಲುಕಿನ್ ಔಟ್ ಮೈ ಬ್ಯಾಕ್ ಡೋರ್ ಈ ಐದೂ ಎರಡನೇ ಸ್ಥಾನದಲ್ಲಿ ನಿಂತವು. ಗ್ರೀನ್ ರಿವರ್‌ಗೆ ಅಡ್ಡ ಬಂದದ್ದು ವ್ಯಂಗ್ಯಚಿತ್ರದ ತಂಡವೊಂದರ ಹೆಸರಿನಲ್ಲಿ ಬಂದ ಶುಗರ್ ಶುಗರ್. ಇದನ್ನು ನೆನೆದಾಗೆಲ್ಲ ಪಟ್ಟಿಗಳ ಮೇಲಿನ ಗೌರವ ತುಸು ಇಳಿಯುತ್ತದೆ. ಬ್ರಿಟನ್ನಿನಲ್ಲಿ ಬ್ಯಾಡ್ ಮೂನ್ ರೈಸಿಂಗ್ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಆಲ್ಬಂಗಳ ಲೆಕ್ಕ ಬೇರೆ: ಗ್ರೀನ್ ರಿವರ್ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತು, ಕಾಸ್ಮೋಸ್ ಫ್ಯಾಕ್ಟರಿ ಅಲ್ಲಿ ಒಂಬತ್ತು ವಾರ ಕೂತಿತ್ತು.

ವುಡ್‌ಸ್ಟಾಕ್‌ನಲ್ಲಿ ಹಾಡಿದ್ದರಂತೆ. ಮತ್ತೆ ಸಿನಿಮಾದಲ್ಲಿ ಯಾಕೆ ಕಾಣಿಸಲ್ಲ?

1969ರ ಆಗಸ್ಟ್‌ನ ಆ ಸಂಗೀತ ಉತ್ಸವಕ್ಕೆ ಸಹಿ ಹಾಕಿದ ಮೊದಲ ದೊಡ್ಡ ತಂಡವೇ ಕ್ರೀಡೆನ್ಸ್. ಅವರು ಒಪ್ಪಿದ ಮೇಲೆ ಉಳಿದವರು ಬಂದರು. ಅವರ ಸರದಿ ಬಂದದ್ದು ಗ್ರೇಟ್‌ಫುಲ್ ಡೆಡ್‌ನ ಎಳೆದಾಡಿದ ಕಛೇರಿಯ ನಂತರ, ಶನಿವಾರದ ನಡುರಾತ್ರಿ ಕಳೆದ ಮೇಲೆ. ಕೆಸರಿನಲ್ಲಿ ಜನ ಮಲಗಿಬಿಟ್ಟಿದ್ದರು. ದೂರದ ಕತ್ತಲಲ್ಲಿ ಒಬ್ಬಾತ ಲೈಟರ್ ಹೊತ್ತಿಸಿ ನಾವಿದ್ದೇವೆ ಎಂದು ಕೂಗಿದ, ಉಳಿದ ಕಛೇರಿಯನ್ನು ಅವನಿಗಾಗಿಯೇ ನುಡಿಸಿದೆ ಎಂದು ಜಾನ್ ಮುಂದೆ ಹೇಳಿಕೊಂಡಿದ್ದಾರೆ. ಕಛೇರಿ ತಮ್ಮ ಮಟ್ಟಕ್ಕಿಲ್ಲವೆಂದು ಅವರು ಉತ್ಸವದ ಬಗ್ಗೆ ತೆಗೆದ ಸಿನಿಮಾಕ್ಕೂ ಅದರ ಆಲ್ಬಂಗೂ ಒಪ್ಪಿಗೆ ಕೊಡಲಿಲ್ಲ. ಸ್ಟೂ ಕುಕ್ ಇದನ್ನು ದೊಡ್ಡ ತಪ್ಪು ಎಂದೇ ಹೇಳುತ್ತ ಬಂದರು. ಇಡೀ ಕಛೇರಿ ಆಲ್ಬಂ ಆಗಿ ಬಂದದ್ದು 2019ರಲ್ಲಿ. ಕೇಳಿದರೆ ಕುಕ್ ಹೇಳಿದ್ದೇ ಸರಿ ಅನ್ನಿಸುತ್ತದೆ.

ಇವರ ಹಾಡೆಲ್ಲ ವಿಯೆಟ್ನಾಂ ಯುದ್ಧದ ಬಗ್ಗೆ ತಾನೇ?

ಆ ಯುದ್ಧದ ಸಿನಿಮಾಗಳಲ್ಲಿ ಹೆಲಿಕಾಪ್ಟರ್ ಕಂಡೊಡನೆ ಇವರ ಹಾಡು ಕೇಳಿಬರುವ ಕಾರಣ ಹಾಗನ್ನಿಸುತ್ತದೆ. ಫಾರ್ಚುನೇಟ್ ಸನ್ ಯುದ್ಧಕ್ಕಿಂತ ಹೆಚ್ಚಾಗಿ ವರ್ಗದ ಹಾಡು: ಯುದ್ಧದ ಮಾತಾಡುವವರ ಮಕ್ಕಳು ಮನೆಯಲ್ಲಿ ಉಳಿದು ಬಡವರ ಮಕ್ಕಳು ರಣರಂಗಕ್ಕೆ ಹೋಗುವ ಬಗ್ಗೆ. 1968ರ ಕೊನೆಯಲ್ಲಿ ಅಧ್ಯಕ್ಷರಾಗಿ ಆಗಷ್ಟೇ ಆಯ್ಕೆಯಾಗಿದ್ದ ನಿಕ್ಸನ್ ಅವರ ಮಗಳಿಗೂ ಮಾಜಿ ಅಧ್ಯಕ್ಷ ಐಸೆನ್‌ಹೋವರ್ ಅವರ ಮೊಮ್ಮಗನಿಗೂ ನಡೆದ ಮದುವೆಯ ಸುದ್ದಿ ಆ ಸಿಟ್ಟನ್ನು ಕೆದಕಿತು. ರನ್ ಥ್ರೂ ದ ಜಂಗಲ್ ಕಾಡಿನ ಯುದ್ಧದ ಹಾಡೆಂದು ಬಹಳಷ್ಟು ಜನ ನಂಬಿದ್ದಾರೆ; ಅದು ಅಮೆರಿಕದೊಳಗೇ ತುಂಬಿಹೋದ ಬಂದೂಕುಗಳ ಬಗ್ಗೆ ಬರೆದದ್ದು. ಲುಕಿನ್ ಔಟ್ ಮೈ ಬ್ಯಾಕ್ ಡೋರ್ ಅನ್ನು ಜಾನ್ ತಮ್ಮ ಪುಟ್ಟ ಮಗನಿಗಾಗಿ ಬರೆದರು, ಅದರಲ್ಲಿ ಮಾದಕವಸ್ತುವನ್ನು ಹುಡುಕುವವರು ಇನ್ನೂ ಹುಡುಕುತ್ತಿದ್ದಾರೆ.

ಪ್ರೌಡ್ ಮೇರಿ ಟೀನಾ ಟರ್ನರ್ ಹಾಡಲ್ವಾ?

ಬರೆದವರು ಜಾನ್ ಫಾಗರ್ಟಿ. 1968ರಲ್ಲಿ ಸೇನೆಯಿಂದ ಬಿಡುಗಡೆಯ ಪತ್ರ ಕೈಗೆ ಬಂದ ಖುಷಿಯಲ್ಲಿ ಹುಟ್ಟಿದ ಹಾಡದು; ಮೊದಲಿನ ಸ್ವರಮೇಳಗಳು ಬೀಥೋವನ್‌ನ ಐದನೇ ಸಿಂಫನಿಯ ಆರಂಭದ ಗುಂಗಿನಿಂದ ಬಂದವೆಂದು ಅವರೇ ಹೇಳಿದ್ದಾರೆ. ಐಕ್ ಮತ್ತು ಟೀನಾ ಟರ್ನರ್ 1971ರಲ್ಲಿ ಅದನ್ನು ನಿಧಾನವಾಗಿ ಶುರುಮಾಡಿ ಬಿರುಗಾಳಿಯಂತೆ ಮುಗಿಸಿದರು. ಆ ರೂಪ ಎಷ್ಟು ಜನಪ್ರಿಯವಾಯಿತೆಂದರೆ, ಮೂಲದವರನ್ನು ಹೀಗೆ ನೆನಪಿಸಬೇಕಾಗುತ್ತದೆ.

## ಒಡಕು

ಅಷ್ಟು ಚೆನ್ನಾಗಿ ನಡೀತಿದ್ದ ತಂಡ ಯಾಕೆ ಒಡೀತು?

ತಂಡವನ್ನು ಮೇಲಕ್ಕೆತ್ತಿದ ಏಕಾಧಿಪತ್ಯವೇ ಅದನ್ನು ಒಡೆಯಿತು. ಮೊದಲು ತಂಡದ ಹಾಡುಗಾರನಾಗಿದ್ದ ಟಾಮ್ ಒಂದು ಹಾಡನ್ನೂ ಹಾಡುವಂತಿರಲಿಲ್ಲ. ಸ್ಟೂ ಮತ್ತು ಡಗ್‌ಗೆ ಹಾಡಿನಲ್ಲೂ ವ್ಯವಹಾರದಲ್ಲೂ ಮಾತು ಬೇಕಿತ್ತು. ಜಾನ್‌ಗೆ ಅದು ಗೆಲ್ಲುತ್ತಿರುವ ಪದ್ಧತಿಯನ್ನು ಕೈಯಾರೆ ಕೆಡಿಸಿದಂತೆ ಕಂಡಿತು. ಮೇಲಾಗಿ ಫ್ಯಾಂಟಸಿಯೊಡನೆ ಒಪ್ಪಂದ ತೀರಾ ಕಡಿಮೆ ರಾಯಧನದ್ದು, ವರ್ಷಕ್ಕಿಷ್ಟು ಹಾಡು ಕೊಡಲೇಬೇಕೆಂಬ ಷರತ್ತಿನದ್ದು. ಗೆದ್ದರೆ ಒಪ್ಪಂದವನ್ನು ಹರಿದು ಹೊಸದು ಬರೆಯುತ್ತೇನೆಂದು ಝೇಂಟ್ಸ್ ಮಾತು ಕೊಟ್ಟಿದ್ದರೆಂಬುದು ತಂಡದವರ ಹೇಳಿಕೆ, ಅದು ಆಗಲಿಲ್ಲ. 1971ರ ಆರಂಭದಲ್ಲಿ ಟಾಮ್ ಹೊರನಡೆದರು. ಹ್ಯಾವ್ ಯೂ ಎವರ್ ಸೀನ್ ದ ರೇನ್ ಹಾಡಿನ ಬಿಸಿಲುಮಳೆ ಇದೇ ಹೊತ್ತಿನದು: ಎಲ್ಲವೂ ಇದ್ದು ಯಾರಿಗೂ ಸುಖವಿಲ್ಲ ಎಂಬ ಸ್ಥಿತಿ. 1972ರ ಅಕ್ಟೋಬರ್‌ನಲ್ಲಿ ತಂಡ ಮುಗಿಯಿತೆಂದು ಘೋಷಿಸಲಾಯಿತು.

ಕೊನೇ ಆಲ್ಬಂ ಅಷ್ಟು ಕೆಟ್ಟದಾಗಿದೆಯಾ?

1972ರ ಮಾರ್ಡಿ ಗ್ರಾ ಆಲ್ಬಂನಲ್ಲಿ ಉಳಿದ ಮೂವರೂ ತಮ್ಮ ತಮ್ಮ ಪಾಲನ್ನು ತಾವೇ ಬರೆದು ತಾವೇ ಹಾಡಿದರು. ಹಾಗೆಂದು ಪಟ್ಟು ಹಿಡಿದವರು ಆ ಇಬ್ಬರು ಎಂದು ಜಾನ್ ಹೇಳುತ್ತಾರೆ. ಸರಿಪಾಲು ಮಾಡದಿದ್ದರೆ ಬಿಟ್ಟುಹೋಗುತ್ತೇನೆಂದು ಹೆದರಿಸಿದವರು ಜಾನ್ ಎಂದು ಆ ಇಬ್ಬರು ಹೇಳುತ್ತಾರೆ. ವಿಮರ್ಶಕರು ಅದನ್ನು ಹರಿದು ಹಾಕಿದರು. ಸಮ್‌ಡೇ ನೆವರ್ ಕಮ್ಸ್ ಒಂದನ್ನು ಉಳಿಸಿಕೊಂಡು ಉಳಿದದ್ದನ್ನು ಬಿಟ್ಟರೂ ನಷ್ಟವಿಲ್ಲ.

ಆಲ್ಬರ್ಟ್ ಹಾಲ್ ಕಛೇರಿ ಅಂತ ಎರಡು ರೆಕಾರ್ಡ್ ಇವೆಯಲ್ಲ, ಯಾವುದು ನಿಜ?

1980ರಲ್ಲಿ ಫ್ಯಾಂಟಸಿ ಆ ಹೆಸರಿನಲ್ಲಿ ಹೊರತಂದದ್ದು ಲಂಡನ್ನಿನದಲ್ಲ, 1970ರ ಜನವರಿಯ ಓಕ್ಲೆಂಡ್ ಕಛೇರಿ, ಟೇಪು ಅದಲುಬದಲಾಗಿತ್ತು. ಆಮೇಲೆ ಅದನ್ನು ದ ಕಾನ್ಸರ್ಟ್ ಎಂದು ಮರುನಾಮಕರಣ ಮಾಡಿದರು. 1970ರ ಏಪ್ರಿಲ್ 14ರ ನಿಜವಾದ ಲಂಡನ್ ಕಛೇರಿ ಬಂದದ್ದು 2022ರಲ್ಲಿ.

ಅಣ್ಣ ತಮ್ಮ ಕೊನೆಗಾದರೂ ಒಂದಾದರಾ?

ಇಲ್ಲ. 1980ರಲ್ಲಿ ಟಾಮ್ ಮದುವೆಯಲ್ಲಿ ನಾಲ್ವರೂ ಒಮ್ಮೆ ಒಟ್ಟಿಗೆ ನುಡಿಸಿದ್ದುಂಟು. ಆದರೆ ಕಂಪನಿಯೊಡನೆ ಜಗಳದಲ್ಲಿ ಟಾಮ್ ಝೇಂಟ್ಸ್ ಪರವಾಗಿದ್ದರು, ತಮ್ಮನಿಗೆ ಅದನ್ನು ನುಂಗಿಕೊಳ್ಳಲಾಗಲಿಲ್ಲ. ಚಿಕಿತ್ಸೆಯ ವೇಳೆ ಪಡೆದ ರಕ್ತದಿಂದ ಎಚ್‌ಐವಿ ಸೋಂಕು ತಗುಲಿದ್ದ ಟಾಮ್ 1990ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. 1993ರಲ್ಲಿ ತಂಡವನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಾಗ, ಜಾನ್ ಸ್ಟೂ ಮತ್ತು ಡಗ್ ಜೊತೆ ವೇದಿಕೆ ಹಂಚಿಕೊಳ್ಳಲು ಒಪ್ಪದೆ ಬ್ರೂಸ್ ಸ್ಪ್ರಿಂಗ್‌ಸ್ಟೀನ್, ರಾಬಿ ರಾಬರ್ಟ್‌ಸನ್ ಮುಂತಾದವರೊಡನೆ ಆ ಹಾಡುಗಳನ್ನು ಹಾಡಿದರು.

## ಹಕ್ಕು, ಹಣ, ನ್ಯಾಯಾಲಯ

ತನ್ನ ಹಾಡು ತಾನು ಹಾಡೋಕೆ ಫಾಗರ್ಟಿಗೆ ಯಾಕೆ ಆಗುತ್ತಿರಲಿಲ್ಲ?

ಕಾನೂನಿನ ತಡೆ ಇರಲಿಲ್ಲ, ಮನಸ್ಸಿನ ತಡೆ ಇತ್ತು. ಹಾಡಿನಲ್ಲಿ ಎರಡು ಬೇರೆ ಬೇರೆ ಆಸ್ತಿಗಳಿರುತ್ತವೆ: ಬರೆದ ಹಾಡಿನ ಹಕ್ಕುಸ್ವಾಮ್ಯ ಒಂದು, ನುಡಿಸಿ ಮುದ್ರಿಸಿದ ಟೇಪಿನ ಒಡೆತನ ಇನ್ನೊಂದು. ಕ್ರೀಡೆನ್ಸ್‌ನ ವಿಷಯದಲ್ಲಿ ಎರಡೂ ಫ್ಯಾಂಟಸಿಯ ಕೈಯಲ್ಲಿದ್ದವು. ತಂಡ ಒಡೆದ ಮೇಲೂ ಜಾನ್ ಕಂಪನಿಗೆ ಹಾಡುಗಳ ಸಾಲಗಾರರಾಗಿಯೇ ಉಳಿದರು. ಬಿಡುಗಡೆಗಾಗಿ ಕ್ರೀಡೆನ್ಸ್ ರೆಕಾರ್ಡುಗಳಿಂದ ತಮಗೆ ಬರಬೇಕಾದ ರಾಯಧನವನ್ನೇ ಬಿಟ್ಟುಕೊಟ್ಟರು. ಉಳಿತಾಯದ ಹಣವೂ ಬಹಾಮಾಸ್‌ನ ಒಂದು ಬ್ಯಾಂಕಿನಲ್ಲಿ ಮುಳುಗಿತ್ತು. ಆಮೇಲೆ ಪ್ರತಿ ವೇದಿಕೆಯಲ್ಲೂ ಪ್ರೌಡ್ ಮೇರಿ ಹಾಡುವುದೆಂದರೆ ಝೇಂಟ್ಸ್ ಜೇಬಿಗೆ ಕಾಸು ಹಾಕಿದಂತೆ ಎಂದು ಅವರು ಅವನ್ನು ಹಾಡುವುದನ್ನೇ ನಿಲ್ಲಿಸಿದರು.

1987ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಒಂದು ಕ್ಲಬ್ಬಿನ ವೇದಿಕೆಯಲ್ಲಿ, ನೀನು ಹಾಡದಿದ್ದರೆ ಲೋಕ ಅದನ್ನು ಟೀನಾ ಟರ್ನರ್ ಹಾಡೆಂದೇ ತಿಳಿಯುತ್ತದೆ ಎಂದು ಬಾಬ್ ಡಿಲನ್ ಚುಚ್ಚಿದಾಗ ಅವರು ಮಣಿದರು. ಅದೇ ಜುಲೈ 4ರಂದು, ವಿಯೆಟ್ನಾಂನಿಂದ ಮರಳಿದ ಯೋಧರಿಗಾಗಿ ವಾಷಿಂಗ್ಟನ್ ಬಳಿ ನಡೆದ ಕಛೇರಿಯಲ್ಲಿ ಹಳೆಯ ಹಾಡುಗಳನ್ನು ಸಾಲಾಗಿ ಹಾಡಿದರು.

ತನ್ನದೇ ಹಾಡನ್ನು ತಾನೇ ಕದ್ದ ಅಂತ ಕೇಸ್ ಹಾಕಿದ್ದು ಹೇಗೆ?

ಎಲ್ಲ ವಾದ್ಯಗಳನ್ನೂ ತಾವೇ ನುಡಿಸಿ ಜಾನ್ 1985ರಲ್ಲಿ ತಂದ ಸೆಂಟರ್‌ಫೀಲ್ಡ್ ಆಲ್ಬಂ ಮೊದಲ ಸ್ಥಾನಕ್ಕೆ ಏರಿತು. ಅದರ ದ ಓಲ್ಡ್ ಮ್ಯಾನ್ ಡೌನ್ ದ ರೋಡ್ ಹಾಡು ರನ್ ಥ್ರೂ ದ ಜಂಗಲ್‌ನ ನಕಲು ಎಂದು ಫ್ಯಾಂಟಸಿ ದಾವೆ ಹೂಡಿತು. ಕೇಳಲು ಹಾಸ್ಯವೆನಿಸಿದರೂ ತರ್ಕ ಸರಳ: ಹಳೆಯ ಹಾಡಿನ ಮಾಲೀಕ ಕಂಪನಿ, ಬರೆದವರು ಯಾರೆಂಬುದು ಮುಖ್ಯವಲ್ಲ. 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ನ್ಯಾಯಾಲಯದಲ್ಲಿ ಜಾನ್ ಸಾಕ್ಷಿಕಟ್ಟೆಗೆ ಗಿಟಾರ್ ಹಿಡಿದೇ ಬಂದರು. ಎರಡೂ ಹಾಡುಗಳನ್ನು ನುಡಿಸಿ ತೋರಿಸಿ, ಎರಡರಲ್ಲೂ ಇರುವುದು ತಮ್ಮ ಶೈಲಿ, ಶೈಲಿಯ ಮೇಲೆ ಯಾರಿಗೂ ಹಕ್ಕುಸ್ವಾಮ್ಯವಿಲ್ಲ ಎಂದು ಜ್ಯೂರಿಗೆ ಮನದಟ್ಟು ಮಾಡಿದರು. ತೀರ್ಪು ಅವರ ಪರವಾಯಿತು. ಅದೇ ಆಲ್ಬಂನಲ್ಲಿ ಝೇಂಟ್ಸ್‌ರನ್ನು ಅಣಕಿಸಿದ ಹಾಡಿಗೆ ಮಾತ್ರ ಹೆಸರು ಬದಲಿಸಬೇಕಾಯಿತು.

ಗೆದ್ದ ಮೇಲೂ ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ದು ಯಾಕೆ?

ವಕೀಲರ ಖರ್ಚಿಗಾಗಿ. ಹಕ್ಕುಸ್ವಾಮ್ಯದ ದಾವೆಯಲ್ಲಿ ಗೆದ್ದವರಿಗೆ ವಕೀಲರ ಶುಲ್ಕ ಕೊಡಿಸುವ ಅಧಿಕಾರ ಅಮೆರಿಕದ ನ್ಯಾಯಾಲಯಗಳಿಗಿದೆ. ಕ್ಯಾಲಿಫೋರ್ನಿಯಾಕ್ಕೆ ಅನ್ವಯವಾಗುತ್ತಿದ್ದ ಪದ್ಧತಿಯಲ್ಲಿ ದಾವೆ ಹೂಡಿದವರು ಗೆದ್ದರೆ ಅದು ಸಾಮಾನ್ಯವಾಗಿ ಸಿಗುತ್ತಿತ್ತು. ಪ್ರತಿವಾದಿ ಗೆದ್ದರೆ, ದಾವೆ ಹುರುಳಿಲ್ಲದ್ದು ಅಥವಾ ದುರುದ್ದೇಶದ್ದು ಎಂದು ತೋರಿಸಿದರೆ ಮಾತ್ರ. 1994ರ ಮಾರ್ಚ್ 1ರಂದು ಸುಪ್ರೀಂ ಕೋರ್ಟ್ ಫಾಗರ್ಟಿ ವಿರುದ್ಧ ಫ್ಯಾಂಟಸಿ ಪ್ರಕರಣದಲ್ಲಿ ಈ ತಾರತಮ್ಯವನ್ನು ತೆಗೆದುಹಾಕಿತು. ಇಬ್ಬರಿಗೂ ಒಂದೇ ಅಳತೆ, ಆದರೆ ಗೆದ್ದವರಿಗೆಲ್ಲ ತಾನಾಗಿಯೇ ಸಿಗುವುದಿಲ್ಲ, ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು ಎಂಬುದು ತೀರ್ಪಿನ ಸಾರ. ಪ್ರಕರಣ ಕೆಳಗಿನ ನ್ಯಾಯಾಲಯಕ್ಕೆ ಮರಳಿದಾಗ ಜಾನ್‌ಗೆ 13 ಲಕ್ಷ ಡಾಲರಿಗೂ ಹೆಚ್ಚು ಸಿಕ್ಕಿತು. ಹಕ್ಕುಸ್ವಾಮ್ಯದ ಪಾಠಗಳಲ್ಲಿ ಈ ತಂಡದ ಹೆಸರು ಇಂದಿಗೂ ಬರುವುದು ಹೀಗೆ.

ಸ್ಟೂ ಮತ್ತು ಡಗ್ ಆಮೇಲೆ ಏನು ಮಾಡಿದರು?

1995ರಲ್ಲಿ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವಿಸಿಟೆಡ್ ಎಂಬ ತಂಡ ಕಟ್ಟಿ ಹಳೆಯ ಹಾಡುಗಳನ್ನೇ ಊರೂರಿನಲ್ಲಿ ನುಡಿಸಿದರು. ಹೆಸರಿನ ವಿಷಯಕ್ಕೆ ಜಾನ್ ನ್ಯಾಯಾಲಯಕ್ಕೆ ಹೋದರೂ ಆ ತಂಡ 2020ರವರೆಗೆ ನಡೆಯಿತು.

ಈಗ ಹಾಡುಗಳು ಯಾರ ಕೈಲಿವೆ? ಹೊಸದಾಗಿ ಹಾಡಿದ್ದನ್ನು ಕೇಳಬೇಕೋ, ಹಳೆಯದನ್ನೋ?

2004ರಲ್ಲಿ ಕಾನ್‌ಕಾರ್ಡ್ ಕಂಪನಿ ಫ್ಯಾಂಟಸಿಯನ್ನು ಕೊಂಡು, ಜಾನ್ ಬಿಟ್ಟುಕೊಟ್ಟಿದ್ದ ರಾಯಧನವನ್ನು ಮತ್ತೆ ಕೊಡಲು ಶುರುಮಾಡಿತು. 2023ರ ಜನವರಿಯಲ್ಲಿ ಜಾನ್ ತಮ್ಮ ಕ್ರೀಡೆನ್ಸ್ ರಚನೆಗಳ ಪ್ರಕಾಶನ ಹಕ್ಕಿನ ಬಹುಪಾಲನ್ನು ಅದೇ ಕಂಪನಿಯಿಂದ ಕೊಂಡುಕೊಂಡರು. ಮೂಲ ಧ್ವನಿಮುದ್ರಣಗಳು ಮಾತ್ರ ಕಾನ್‌ಕಾರ್ಡ್‌ನ ಆಸ್ತಿಯಾಗಿಯೇ ಉಳಿದವು. 2025ರಲ್ಲಿ, ಎಂಬತ್ತು ತುಂಬಿದ ವರ್ಷ, ಅವರು ಗಂಡುಮಕ್ಕಳಾದ ಶೇನ್ ಮತ್ತು ಟೈಲರ್ ಜೊತೆ ಸೇರಿ ಇಪ್ಪತ್ತು ಹಾಡುಗಳನ್ನು ಹೊಸದಾಗಿ ಮುದ್ರಿಸಿ ಲೆಗಸಿ ಎಂಬ ಆಲ್ಬಂ ತಂದದ್ದಕ್ಕೆ ಇದೇ ಹಿನ್ನೆಲೆ.

ಹೊಸದು ಮೂಲಕ್ಕೆ ಬೆರಗಾಗುವಷ್ಟು ಹತ್ತಿರವಿದೆ, ದನಿಯೂ ಆ ವಯಸ್ಸಿಗೆ ಮೀರಿ ಗಟ್ಟಿಯಾಗಿದೆ. ಆದರೂ ಬಾರ್ನ್ ಆನ್ ದ ಬಾಯೂವನ್ನು ಎರಡೂ ರೂಪದಲ್ಲಿ ಒಂದರ ಹಿಂದೆ ಒಂದು ಕೇಳಿ ನೋಡಿ. 1969ರದರಲ್ಲಿ ನಡುಗುವ ಗಿಟಾರ್ ಒಂಟಿಯಾಗಿ ಶುರುವಾಗಿ, ಡಗ್ ಕ್ಲಿಫರ್ಡ್‌ರ ಡ್ರಮ್ಸ್ ಅದರ ಹಿಂದೆ ಕೂದಲೆಳೆಯಷ್ಟು ತಡವಾಗಿ ಭಾರ ಹೆಜ್ಜೆ ಇಡುತ್ತ ಬರುತ್ತದೆ. ಟಾಮ್‌ರ ರಿದಂ ಗಿಟಾರ್ ಕೇಳಿಸಿಯೂ ಕೇಳಿಸದಂತೆ ಅಡಿಯಲ್ಲಿ ಓಡುತ್ತಿರುತ್ತದೆ. ಆ ಎಳೆತ ಹೊಸದರಲ್ಲಿಲ್ಲ. ಹಳೆಯದನ್ನೇ ಮೊದಲು ಕೇಳಿ.